ನಾಚಿ ನೀರಾಗುವ ನಾವು, ನಾಚಿ ಕೆಂಪಾಗುವ ಜರ್ಮನ್ನರು: ‘ರೋಟ್ ವೇರ್ಡನ್’ ಕಲಿಯುವ ಬಗೆ

ಜರ್ಮನ್ ಕಲಿಯುತ್ತಿರುವ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ‘ನಾಚಿ ಮುಖ ಕೆಂಪಾಯ್ತು’ ಅನ್ನೋದಕ್ಕೆ ಜರ್ಮನ್‌ನಲ್ಲಿ ಏನನ್ನಬೇಕು? ‘ನನಗೆ ಮುಜುಗರ ಆಯ್ತು’ ಅಂತ ಹೇಳೋದು ಹೇಗೆ? ಕೇಳುವವರಲ್ಲಿ ನರ್ಸ್ ಕೆಲಸಕ್ಕೆ ಹೊರಟವರಿದ್ದಾರೆ, ಎಂ.ಎಸ್. ಓದಲು ಹೊರಟವರಿದ್ದಾರೆ, ಸುಮ್ನೆ ಆಸೆಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕ್ಲಾಸಿಗೆ ಸೇರಿಕೊಂಡವರೂ ಇದ್ದಾರೆ.

ಅವಸರದಲ್ಲಿರುವವರಿಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ಮುಖ ಕೆಂಪಾಗುವುದಕ್ಕೆ ‘ರೋಟ್ ವೇರ್ಡನ್’. ಮುಜುಗರಕ್ಕೆ ‘ಎಸ್ ಇಸ್ಟ್ ಮೀರ್ ಪೈನ್‌ಲಿಶ್’. ಇವೆರಡನ್ನೂ ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಈ ಲೇಖನ.

ಶುರು ಮಾಡುವ ಮೊದಲು ಒಂದು ಮಾತು. ನಾವೆಲ್ಲ ಜರ್ಮನ್ ಕಲಿಯುವುದು ಇಂಗ್ಲಿಷ್ ಮೂಲಕ. ಪುಸ್ತಕ ಇಂಗ್ಲಿಷ್‌ನಲ್ಲಿ, ಆ್ಯಪ್ ಇಂಗ್ಲಿಷ್‌ನಲ್ಲಿ. ಜರ್ಮನಿಯಿಂದ ಬಂದು ಕನ್ನಡ ಕಲಿತ ಕಿಟೆಲ್ ಅವರು 1894ರಲ್ಲಿ ಕೊಟ್ಟಿದ್ದೂ ಕನ್ನಡ–ಇಂಗ್ಲಿಷ್ ನಿಘಂಟನ್ನೇ! ಆದರೆ ನಾಚಿಕೆಯ ವಿಷಯದಲ್ಲಿ ಇಂಗ್ಲಿಷ್ ದಾರಿ ಸುತ್ತುದಾರಿ, ಗುಂಡಿಗಳೂ ಜಾಸ್ತಿ. ಕನ್ನಡದಿಂದ ನೇರ ಹೋದರೆ ಹತ್ತಿರ. ಯಾಕೆ ಅನ್ನೋದು ಮುಂದೆ ತಾನಾಗಿ ಗೊತ್ತಾಗುತ್ತದೆ.

ಏನೇನು ಬೇಕು?

ಎ1 ಮುಗಿಸಿ ಎ2ಗೆ ಕಾಲಿಟ್ಟಿದ್ದರೆ ಸಾಕು. (ಯುರೋಪಿನಲ್ಲಿ ಭಾಷಾ ಕಲಿಕೆಯನ್ನು ಎ1ರಿಂದ ಸಿ2ವರೆಗೆ ಆರು ಹಂತಗಳಾಗಿ ಅಳೆಯುತ್ತಾರೆ. ಎ1 ಎಲ್ಲಕ್ಕಿಂತ ಕೆಳಗಿನದು.) ‘ಇಶ್ ಬಿನ್, ಡು ಬಿಸ್ಟ್’ ಅಂದರೆ ‘ನಾನು ಇದ್ದೇನೆ, ನೀನು ಇದ್ದೀಯ’ ಅನ್ನುವುದು ಗೊತ್ತಿರಬೇಕು. ಒಂದು ನೋಟ್‌ಬುಕ್ ಇರಲಿ. ನಾನು ಇಲ್ಲಿ ಜರ್ಮನ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಮುಖ್ಯವಾದ ಪದಗಳಿಗೆ ಸ್ಪೆಲಿಂಗ್ ಕೂಡ ಹೇಳುತ್ತೇನೆ. ಅದನ್ನು ನೋಟ್‌ಬುಕ್‌ನಲ್ಲಿ ಜರ್ಮನ್ ಅಕ್ಷರದಲ್ಲೇ ಬರೆದುಕೊಳ್ಳಿ. ಕನ್ನಡ ಲಿಪಿ ನಿಮ್ಮನ್ನು ಬಾಗಿಲವರೆಗೆ ಬಿಡುತ್ತದೆ ಅಷ್ಟೆ. ಸರಿಯಾದ ಉಚ್ಚಾರವನ್ನು ಆಡಿಯೋ ಕೇಳಿಯೇ ಕಲಿಯಬೇಕು.

1. ಮೊದಲು ಬಾಯಿ ಹೊರಳಲಿ

‘ರೋಟ್’ ಅಂದರೆ ಕೆಂಪು. ಸ್ಪೆಲಿಂಗ್ ಆರ್, ಓ, ಟಿ. ಇಂಗ್ಲಿಷ್‌ನಲ್ಲಿ ಇದೇ ಮೂರು ಅಕ್ಷರಕ್ಕೆ ‘ಕೊಳೆಯುವುದು’ ಅಂತ ಅರ್ಥ. ಹಾಗಾಗಿ ಕಣ್ಣು ಅದನ್ನು ಕಂಡ ಕೂಡಲೇ ಬಾಯಿ ‘ರಾಟ್’ ಅಂದುಬಿಡುತ್ತದೆ. ಹಾಗೆ ಹೇಳಬೇಡಿ. ಜರ್ಮನ್‌ನಲ್ಲಿ ‘ರಾಟ್’ ಅಂತ ಬೇರೆ ಪದವೇ ಇದೆ. ಅದಕ್ಕೆ ಸಲಹೆ ಅಂತಲೂ ಅರ್ಥ, ಮಂಡಳಿ ಅಂತಲೂ ಅರ್ಥ. ನೀವು ನಾಚಿಕೊಂಡು ‘ರಾಟ್’ ಆದರೆ ಪುರಸಭೆ ಆದಂತಾಯಿತು! ‘ಓ’ವನ್ನು ನಮ್ಮ ‘ರೋಟಿ’ಯಲ್ಲಿ ಎಳೆಯುವಂತೆ ಎಳೆಯಿರಿ.

‘ವೇರ್ಡನ್’ ಅಂದರೆ ಆಗುವುದು. ಸ್ಪೆಲಿಂಗ್ ಡಬ್ಲ್ಯು, ಇ, ಆರ್, ಡಿ, ಇ, ಎನ್. ಜರ್ಮನ್‌ನಲ್ಲಿ ಡಬ್ಲ್ಯು ಬಂದರೆ ‘ವ’. ವಿ ಬಂದರೆ ಹೆಚ್ಚಾಗಿ ‘ಫ’. ನಡುವೆ ಇರುವ ‘ರ್’ ಪೂರ್ತಿ ಕೇಳಿಸುವುದಿಲ್ಲ, ‘ಅ’ ಥರ ಕರಗಿಹೋಗುತ್ತದೆ. ಕೊನೆಯಲ್ಲಿ ಡಿ ಬಂದರೆ ಅದು ‘ಟ್’ ಆಗುತ್ತದೆ. ಅದಕ್ಕೇ ‘ವಿರ್ಡ್’ ಅಂತ ಬರೆದಿದ್ದರೂ ‘ವಿರ್ಟ್’ ಅಂತ ಓದುತ್ತಾರೆ. ಸ್ವರದ ಮುಂದೆ ಎಸ್ ಬಂದರೆ ಇಂಗ್ಲಿಷ್ ‘ಜೂ’ದಲ್ಲಿನ ‘ಜ’. ಇಲ್ಲಿ ಬರುವ ‘ಜೈನ್’, ‘ಜಿಶ್’, ‘ಜೀ’ ಎಲ್ಲ ಆ ಜ.

‘ಇಶ್’ ಅಂದರೆ ನಾನು. ಇದರ ಕೊನೆಯ ಸದ್ದು ನಿಜವಾಗಿ ‘ಶ್’ ಅಲ್ಲ. ನಾಲಿಗೆಯನ್ನು ‘ಯ’ ಹೇಳುವ ಜಾಗದಲ್ಲಿಟ್ಟು ಬರೀ ಗಾಳಿ ಬಿಟ್ಟರೆ ಸರಿಯಾದ ಸದ್ದು ಬರುತ್ತದೆ. ಬರದಿದ್ದರೆ ‘ಶ್’ ಅಂದರೂ ಅರ್ಥವಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

2. ‘ಆಗು’ ಗೊತ್ತಿದ್ದರೆ ‘ವೇರ್ಡನ್’ ಗೊತ್ತು

ಕನ್ನಡದಲ್ಲಿ ಒಂದು ಗುಣವಾಚಕ ತಗೊಂಡು ‘ಆಗು’ ಸೇರಿಸುತ್ತೇವೆ. ಕೆಂಪಗಾಗು, ತಣ್ಣಗಾಗು, ಸುಸ್ತಾಗು. ಹೆಸರಿಗೂ ಸೇರಿಸುತ್ತೇವೆ. ಮೇಷ್ಟ್ರಾಗು, ಡಾಕ್ಟರಾಗು. ಜರ್ಮನ್‌ನಲ್ಲೂ ಅಷ್ಟೇ: ರೋಟ್ ವೇರ್ಡನ್, ಕಾಲ್ಟ್ ವೇರ್ಡನ್, ಮ್ಯೂಡೆ ವೇರ್ಡನ್, ಲೇರರ್ ವೇರ್ಡನ್. ಟೊಮೆಟೊ ಹಣ್ಣಾದರೂ ‘ರೋಟ್ ವೇರ್ಡನ್’, ಟ್ರಾಫಿಕ್ ಸಿಗ್ನಲ್ ಕೆಂಪಾದರೂ ‘ರೋಟ್ ವೇರ್ಡನ್’, ಹುಡುಗ ನಾಚಿದರೂ ‘ರೋಟ್ ವೇರ್ಡನ್’. ಯಾವ ಅರ್ಥ ಅನ್ನೋದನ್ನು ಸಂದರ್ಭ ಹೇಳುತ್ತದೆ.

ರೂಪಗಳು ಹೀಗಿವೆ:

ಇಶ್ ವೇರ್ಡೆ ರೋಟ್: ನಾನು ಕೆಂಪಾಗುತ್ತೇನೆ
ಡು ವಿರ್ಸ್ಟ್ ರೋಟ್: ನೀನು ಕೆಂಪಾಗುತ್ತೀಯ
ಎರ್ ವಿರ್ಟ್ ರೋಟ್, ಜೀ ವಿರ್ಟ್ ರೋಟ್: ಅವನು, ಅವಳು
ವೀರ್ ವೇರ್ಡನ್ ರೋಟ್: ನಾವು
ಈರ್ ವೇರ್ಡೆಟ್ ರೋಟ್: ನೀವು (ಸಲುಗೆಯ ಹಲವರು)
ಜೀ ವೇರ್ಡನ್ ರೋಟ್: ಅವರು, ಅಥವಾ ಗೌರವದ ನೀವು

ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ಇಂಗ್ಲಿಷ್‌ನ ‘ಬಿಕಮ್’. ಜರ್ಮನ್‌ನಲ್ಲಿ ‘ಬೆಕೊಮನ್’ ಅಂತ ಒಂದು ಕ್ರಿಯಾಪದ ಇದೆ. ಕೇಳಲು ಅದೇ ಥರ ಇದೆ, ಅರ್ಥ ಮಾತ್ರ ‘ಸಿಗು, ಪಡೆ’. ‘ಇಶ್ ಬೆಕೊಮೆ ರೋಟ್’ ಅಂದರೆ ‘ನನಗೆ ಕೆಂಪು ಸಿಗುತ್ತೆ’ ಅಂದಂತೆ. ಇಂಗ್ಲಿಷ್‌ನಿಂದ ಹೊರಟವರು ಇಲ್ಲಿ ಬೀಳುತ್ತಾರೆ.

ಎರಡನೆಯದು ‘ಇಶ್ ಬಿನ್ ರೋಟ್’. ಇದು ಸ್ಥಿತಿ, ‘ಕೆಂಪಗಿದ್ದೇನೆ’. ಬಿಸಿಲಿಗೋ, ಓಡಿ ಬಂದಿದ್ದಕ್ಕೋ ಕೆಂಪಗಿರಬಹುದು. ಜೊತೆಗೆ ಜರ್ಮನಿಯಲ್ಲಿ ಕೆಂಪು ಅಂದರೆ ಎಸ್‌ಪಿಡಿ ಪಕ್ಷದ ಬಣ್ಣ. 1998ರಿಂದ 2005ರವರೆಗೆ ಇದ್ದ ಎಸ್‌ಪಿಡಿ ಮತ್ತು ಹಸಿರು ಪಕ್ಷದ ಸರ್ಕಾರವನ್ನು ಈಗಲೂ ‘ರೋಟ್-ಗ್ರ್ಯೂನ್’ ಅಂತಲೇ ಕರೆಯುತ್ತಾರೆ. ನಾಚಿಕೆ ಹೇಳಬೇಕಾದರೆ ‘ಬಿನ್’ ಬಿಡಿ, ‘ವೇರ್ಡೆ’ ಹಿಡಿಯಿರಿ.

3. ಆಗಿಹೋದದ್ದನ್ನು ಹೇಳುವುದು

ನಾಚಿಕೆಯ ಕತೆಗಳನ್ನು ನಾವು ಹೇಳುವುದೇ ಮಾರನೇ ದಿನ. ಹಾಗಾಗಿ ಭೂತಕಾಲ ಬೇಕೇ ಬೇಕು.

ಮಾತಿನಲ್ಲಿ: ‘ಇಶ್ ಬಿನ್ ರೋಟ್ ಗೆವೊರ್ಡನ್.’ ಇದನ್ನು ಕನ್ನಡದ ‘ಕೆಂಪಾಗಿದ್ದೇನೆ’ ಪಕ್ಕ ಇಟ್ಟು ನೋಡಿ. ‘ಆಗಿ’ ಜೊತೆಗೆ ‘ಇದ್ದೇನೆ’. ಜರ್ಮನ್‌ನಲ್ಲೂ ‘ಆಗಿ’ಗೆ ‘ಗೆವೊರ್ಡನ್’, ‘ಇದ್ದೇನೆ’ಗೆ ‘ಬಿನ್’. ಇಂಗ್ಲಿಷ್‌ನವರು ಇಲ್ಲಿ ‘ಹ್ಯಾವ್’ ಹಾಕುತ್ತಾರೆ, ಅದಕ್ಕೇ ಕಲಿಯುವವರು ‘ಇಶ್ ಹಾಬೆ ರೋಟ್ ಗೆವೊರ್ಡನ್’ ಅಂತ ತಪ್ಪು ಮಾಡುತ್ತಾರೆ. ನಮ್ಮ ‘ಇರು’ ನೆನಪಿಟ್ಟುಕೊಂಡರೆ ಆ ತಪ್ಪು ಆಗುವುದೇ ಇಲ್ಲ. ಅರ್ಥದಲ್ಲಿ ಮಾತ್ರ ಸಣ್ಣ ವ್ಯತ್ಯಾಸ: ಜರ್ಮನ್ನರು ಇದನ್ನು ಬರೀ ‘ಕೆಂಪಾದೆ’ ಅನ್ನುವುದಕ್ಕೂ ಬಳಸುತ್ತಾರೆ.

ಬರವಣಿಗೆಯಲ್ಲಿ: ‘ಎರ್ ವುರ್ಡೆ ರೋಟ್’, ಅವನು ಕೆಂಪಾದ. ಕತೆ, ವರದಿಗಳಲ್ಲಿ ಇದೇ ಜಾಸ್ತಿ.

‘ಗೆವೊರ್ಡನ್’ ಅಂತಲೂ ಇದೆ, ‘ವೊರ್ಡನ್’ ಅಂತಲೂ ಇದೆ. ‘ವೊರ್ಡನ್’ ಕರ್ಮಣಿ ಪ್ರಯೋಗಕ್ಕೆ, ಅಂದರೆ ‘ಕಟ್ಟಲಾಯಿತು, ಮಾರಲಾಯಿತು’ ಥರದ ವಾಕ್ಯಗಳಿಗೆ. ನಾಚಿಕೆಗೆ ಯಾವತ್ತೂ ‘ಗೆ’ ಇರಬೇಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಳೆದುಕೊಳ್ಳುವವರು ಬಹಳ.

4. ಯಾಕೆ ಕೆಂಪಾದಿರಿ?

ನಾಚಿಕೆಗೆ ಮಾತ್ರ ಮುಖ ಕೆಂಪಾಗುವುದಿಲ್ಲ. ಸಿಟ್ಟಿಗೂ ಆಗುತ್ತದೆ, ಖುಷಿಗೂ ಆಗುತ್ತದೆ. ಕಾರಣ ಹೇಳಲು ‘ಫೋರ್’ ಬಳಸುತ್ತಾರೆ. ಸ್ಪೆಲಿಂಗ್ ವಿ, ಓ, ಆರ್.

ಫೋರ್ ಶಾಮ್: ನಾಚಿಕೆಯಿಂದ
ಫೋರ್ ಫೆರ್‌ಲೇಗನ್‌ಹೈಟ್: ಮುಜುಗರದಿಂದ
ಫೋರ್ ವೂಟ್: ಸಿಟ್ಟಿನಿಂದ
ಫೋರ್ ಫ್ರೊಯ್ಡೆ: ಖುಷಿಯಿಂದ

ಈಗ ಕನ್ನಡ ನಮಗೆ ಕೈ ಕೊಡುವ ಜಾಗ. ನಮ್ಮ ‘ಇಂದ’ವನ್ನು ನೇರ ತಂದು ‘ಫೊನ್ ಶಾಮ್’ ಅಂದುಬಿಡುತ್ತೇವೆ. ‘ಫೊನ್’ ಅಂದರೆ ‘ಇಂದ’ ಅಂತಲೇ ಕಲಿತಿರುತ್ತೇವಲ್ಲ. ಆದರೆ ತಡೆಯಲಾಗದೆ ಮೈಯಲ್ಲಿ ಆಗುವ ಬದಲಾವಣೆಗೆ ಜರ್ಮನ್ನರು ‘ಫೋರ್’ ಅನ್ನುತ್ತಾರೆ. ಚಳಿಗೆ ನಡುಗುವುದೂ ‘ಫೋರ್’, ನಾಚಿಕೆಗೆ ಕೆಂಪಾಗುವುದೂ ‘ಫೋರ್’. ಬೇಕೆಂದೇ ಮಾಡಿದ ಕೆಲಸಕ್ಕೆ ‘ಔಸ್’. ‘ಔಸ್ ಶಾಮ್’ ಅಂದರೆ ನಾಚಿಕೆಪಟ್ಟುಕೊಂಡು ಬಾಯಿ ಮುಚ್ಚಿಕೊಂಡಿದ್ದ ಅನ್ನುವ ಥರ. ಕೆಂಪಾಗುವುದು ನಿಮ್ಮ ಕೈಯಲ್ಲಿಲ್ಲ, ಸುಮ್ಮನಿರುವುದು ನಿಮ್ಮ ಕೈಯಲ್ಲಿದೆ. ವ್ಯತ್ಯಾಸ ಅಷ್ಟೆ.

5. ತಲೆ, ಕಿವಿ, ಟೊಮೆಟೊ

ಬರೀ ‘ಕೆಂಪಾದೆ’ ಅಂದರೆ ಸಪ್ಪೆ ಅನ್ನಿಸುತ್ತದೆ, ಅಲ್ವಾ? ಜರ್ಮನ್ನರಿಗೂ ಹಾಗೇ ಅನ್ನಿಸುತ್ತದೆ. ಜಾಸ್ತಿ ಕೇಳಿಬರುವವು ಇವು.

‘ರೋಟ್ ವೀ ಐನೆ ಟೊಮಾಟೆ’: ಟೊಮೆಟೊ ಥರ ಕೆಂಪು. ‘ವೀ’ ಅಂದರೆ ‘ಥರ’. ‘ಎರ್ ವುರ್ಡೆ ರೋಟ್ ವೀ ಐನೆ ಟೊಮಾಟೆ.’

‘ಕ್ನಲ್‌ರೋಟ್’: ಕಡು ಕೆಂಪು, ಕಣ್ಣಿಗೆ ಹೊಡೆಯುವ ಕೆಂಪು. ‘ಕ್ನಲ್’ ಅಂದರೆ ಢಮಾರ್ ಸದ್ದು. ಮೊದಲ ಕೆ ಅಕ್ಷರವನ್ನು ನುಂಗಬೇಡಿ. ಇಂಗ್ಲಿಷ್ ‘ನೀ’, ‘ನೈಫ್’ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

‘ಬಿಸ್ ಯೂಬರ್ ಬೈಡೆ ಓರನ್’: ಎರಡೂ ಕಿವಿಗಳಾಚೆಯವರೆಗೆ. ಕೆಂಪಾಗುವುದಕ್ಕೂ ಬಳಸುತ್ತಾರೆ, ಪ್ರೀತಿಯಲ್ಲಿ ಮುಳುಗಿಹೋಗುವುದಕ್ಕೂ ಬಳಸುತ್ತಾರೆ.

‘ಐನನ್ ರೋಟನ್ ಕೊಪ್ಫ್ ಬೆಕೊಮನ್’: ಪದಕ್ಕೆ ಪದ ಇಟ್ಟರೆ ‘ಕೆಂಪು ತಲೆ ಸಿಗುವುದು’. ಹೌದು, ಬೇಡ ಅಂದಿದ್ದ ‘ಬೆಕೊಮನ್’ ಇಲ್ಲಿ ಸರಿಯಾಗಿಯೇ ಬಂದಿದೆ! ಯಾಕೆಂದರೆ ಇಲ್ಲಿ ‘ತಲೆ’ ಅನ್ನುವ ವಸ್ತು ಇದೆ, ಅದು ‘ಸಿಗುತ್ತದೆ’. ಆಡುಮಾತಿನಲ್ಲಿ ‘ಬೆಕೊಮನ್’ ಬದಲು ‘ಕ್ರೀಗನ್’ ಅನ್ನುತ್ತಾರೆ. ‘ರೋಟನ್’ ಅಂತ ಬಾಲ ಬಂದಿದ್ದನ್ನು ಗಮನಿಸಿ. ‘ಕೊಪ್ಫ್’ ಪುಲ್ಲಿಂಗ, ಇಲ್ಲಿ ಅದು ‘ಅನ್ನು’ ವಿಭಕ್ತಿಯಲ್ಲಿದೆ, ಅದಕ್ಕೆ. ಭೂತಕಾಲದಲ್ಲಿ ಇದಕ್ಕೆ ‘ಬಿನ್’ ಅಲ್ಲ, ‘ಹಾಬೆ’: ‘ಇಶ್ ಹಾಬೆ ಐನನ್ ರೋಟನ್ ಕೊಪ್ಫ್ ಬೆಕೊಮನ್.’ ಕೆಂಪು ತಲೆ ಅಂದರೆ ಕೆಂಪು ಮುಖ ಅಂತ ತಿಳಿಯಿರಿ. ಕೂದಲು ಕೆಂಪಗಿದ್ದರೆ ‘ರೋಟೆ ಹಾರೆ’ ಅಂತ ಬೇರೆಯೇ ಹೇಳುತ್ತಾರೆ.

ಇನ್ನು ದೂರ ಇಡಬೇಕಾದವು. ‘ಕ್ರೇಪ್ಸ್‌ರೋಟ್’ ಅಂದರೆ ಬೇಯಿಸಿದ ಏಡಿ ಥರ ಕೆಂಪು. ಬಿಸಿಲಿಗೆ ಚರ್ಮ ಸುಟ್ಟವರಿಗೆ ಹೆಚ್ಚಾಗಿ ಹೇಳುವ ಮಾತು. ‘ಪೂಟರ್‌ರೋಟ್’ ಅಂದರೆ ಟರ್ಕಿ ಕೋಳಿ ಥರ ಕೆಂಪು, ಹೆಚ್ಚಾಗಿ ಸಿಟ್ಟಿಗೆ. ‘ರೋಟ್ ಜೇಯನ್’ ಅಂದರೆ ಪದಶಃ ‘ಕೆಂಪು ಕಾಣುವುದು’. ಇದು ಪೂರಾ ಸಿಟ್ಟಿನ ಮಾತು, ನಾಚಿಕೆಗೂ ಇದಕ್ಕೂ ಸಂಬಂಧವೇ ಇಲ್ಲ. ನಿಘಂಟಿನಲ್ಲಿ ‘ರೋಟ್’ ಹುಡುಕಿದರೆ ಇವೆಲ್ಲ ಒಂದೇ ಕಡೆ ಸಿಗುತ್ತವೆ. ಅವಸರದಲ್ಲಿ ಯಾವುದನ್ನೋ ಎತ್ತಿಕೊಂಡು ಬರಬೇಡಿ.

‘ಎರ್‌ರ್ಯೋಟನ್’ ಅಂತ ಒಂದೇ ಪದವೂ ಇದೆ. ನಮ್ಮ ‘ಕೆಂಪೇರಿದಳು’ ಇದ್ದ ಹಾಗೆ, ಪುಸ್ತಕದ ಪದ. ಓದಿದರೆ ಅರ್ಥವಾಗಲಿ, ಅಷ್ಟು ಸಾಕು. ಕ್ಯಾಂಟೀನಿನಲ್ಲಿ ಹೇಳಿದರೆ ಹಳೆಗನ್ನಡದಲ್ಲಿ ಕಾಫಿ ಕೇಳಿದಂತಿರುತ್ತದೆ. ನರ್ಸ್‌ಗಳು ಮಾತ್ರ ಇದರ ನೆಂಟರನ್ನು ಗುರುತಿಟ್ಟುಕೊಳ್ಳಿ. ‘ಗೆರ್ಯೋಟೆಟ್’ ಅಂದರೆ ಚರ್ಮ ಕೆಂಪಾಗಿದೆ, ‘ರ್ಯೋಟುಂಗ್’ ಅಂದರೆ ಚರ್ಮದ ಮೇಲಿನ ಕೆಂಪು. ಮಲಗಿದಲ್ಲೇ ಇರುವ ರೋಗಿಯ ಬೆನ್ನಿನ ಮೇಲೆ ಕೆಂಪು ಕಂಡರೆ ವರದಿಯಲ್ಲಿ ಬರೆಯಬೇಕಾದ ಪದ ಇದು. ಅಲ್ಲಿ ‘ರೋಗಿ ನಾಚಿಕೊಂಡರು’ ಅಂತ ಬರೆದುಬಿಟ್ಟರೆ ಕಷ್ಟ. ಈ ‘ರ್ಯೋ’ ಸದ್ದಿಗೆ ತುಟಿಯನ್ನು ‘ಓ’ ಥರ ದುಂಡಗೆ ಮಾಡಿ, ಒಳಗೆ ನಾಲಿಗೆಯಲ್ಲಿ ‘ಏ’ ಹೇಳಿ.

6. ಎಲ್ಲರೂ ಬೀಳುವ ಗುಂಡಿ: ‘ಇಶ್ ಬಿನ್ ಪೈನ್‌ಲಿಶ್’

ಈ ಹಂತವನ್ನು ಮಾತ್ರ ನಿಧಾನಕ್ಕೆ ಓದಿ.

‘ಪೈನ್‌ಲಿಶ್’ ಅಂದರೆ ಮುಜುಗರದ. ಇಂಗ್ಲಿಷ್‌ನಲ್ಲಿ ಯೋಚಿಸುವವರು ‘ಐ ಆಮ್ ಎಂಬರಾಸ್ಡ್’ ಅನ್ನುವುದನ್ನು ಪದಕ್ಕೆ ಪದ ಇಟ್ಟು ‘ಇಶ್ ಬಿನ್ ಪೈನ್‌ಲಿಶ್’ ಅನ್ನುತ್ತಾರೆ. ಅದರ ಅರ್ಥ ‘ನನಗೆ ಮುಜುಗರವಾಗಿದೆ’ ಅಲ್ಲ. ‘ನಾನೇ ಒಂದು ಮುಜುಗರ, ನನ್ನ ಜೊತೆ ಕಾಣಿಸಿಕೊಂಡರೆ ನಿಮ್ಮ ಮರ್ಯಾದೆ ಹೋಗುತ್ತೆ’ ಅಂತ. ಹದಿಹರೆಯದ ಮಕ್ಕಳು ಅಮ್ಮನಿಗೆ ‘ಮಾಮಾ, ಡು ಬಿಸ್ಟ್ ಜೋ ಪೈನ್‌ಲಿಶ್!’ ಅಂತ ಗೊಣಗುವುದು ಇದೇ ಅರ್ಥದಲ್ಲಿ. ನಾನೂ ಒಮ್ಮೆ ಕ್ಲಾಸಿಗೆ ತಡವಾಗಿ ಹೋಗಿ, ಕ್ಷಮೆ ಕೇಳುವ ಭರದಲ್ಲಿ ಈ ವಾಕ್ಯ ಹೇಳಿದ್ದೆ. ‘ಅಷ್ಟೇನೂ ಇಲ್ಲ ಬಿಡಿ’ ಅಂದರು ಟೀಚರ್. ಮುಖ ಕೆಂಪಾಗಿದ್ದು ಅದಾದ ಮೇಲೆ.

ಈಗ ಕನ್ನಡದಲ್ಲಿ ಹೇಳಿ ನೋಡಿ. ‘ನನಗೆ ಮುಜುಗರ ಆಯ್ತು.’ ‘ನಾನು ಮುಜುಗರ’ ಅಂತ ಯಾರಾದರೂ ಹೇಳುತ್ತೀವಾ? ಇಲ್ಲ. ನಮಗೆ ಆ ‘ಗೆ’ ಹುಟ್ಟಿನಿಂದ ಬಂದಿದೆ. ಜರ್ಮನ್‌ಗೂ ಅದೇ ‘ಗೆ’ ಬೇಕು. ಅದಕ್ಕೆ ‘ಡಾಟಿಫ್’ ಅನ್ನುತ್ತಾರೆ, ನಮ್ಮ ವ್ಯಾಕರಣದ ಚತುರ್ಥಿ.

ಎಸ್ ಇಸ್ಟ್ ಮೀರ್ ಪೈನ್‌ಲಿಶ್: ನನಗೆ ಮುಜುಗರವಾಗುತ್ತಿದೆ
ಡಸ್ ವಾರ್ ಮೀರ್ ಪೈನ್‌ಲಿಶ್: ಅದರಿಂದ ನನಗೆ ಮುಜುಗರವಾಯಿತು

‘ಮೀರ್’ ಅಂದರೆ ನನಗೆ. ಇದರ ಬದಲು ಬೇಕಾದವರನ್ನು ಕೂರಿಸಿ: ‘ಡೀರ್’ ನಿನಗೆ, ‘ಈಮ್’ ಅವನಿಗೆ, ‘ಈರ್’ ಅವಳಿಗೆ, ‘ಉನ್ಸ್’ ನಮಗೆ, ‘ಈನನ್’ ಅವರಿಗೆ. ಬರೆಯುವಾಗ ‘ಈನನ್’ನ ಮೊದಲ ಅಕ್ಷರ ದೊಡ್ಡದಾದರೆ ಗೌರವದ ನಿಮಗೆ.

ಇದೇ ಅಚ್ಚಿನಲ್ಲಿ ಇನ್ನೂ ಕೆಲವು ಬರುತ್ತವೆ. ‘ಮೀರ್ ಇಸ್ಟ್ ಕಾಲ್ಟ್’, ನನಗೆ ಚಳಿ. ‘ಮೀರ್ ಇಸ್ಟ್ ಲಂಗ್‌ವೈಲಿಶ್’, ನನಗೆ ಬೋರು. ‘ಮೀರ್ ಇಸ್ಟ್ ಹೈಸ್’, ನನಗೆ ಸೆಕೆ. ಸೆಕೆಯ ಹೊತ್ತಲ್ಲಿ ‘ಮೀರ್’ ಬಿಟ್ಟು ‘ಇಶ್ ಬಿನ್ ಹೈಸ್’ ಅಂದರೆ ಬೇರೆ ಅರ್ಥ ಬರುತ್ತದೆ. ಯಾವ ಅರ್ಥ ಅಂತ ಬಿಡಿಸಿ ಹೇಳುವುದಿಲ್ಲ, ರೋಟ್ ವೇರ್ಡನ್ ಗ್ಯಾರಂಟಿ.

ಹಾಗಂತ ಕನ್ನಡದ ‘ನನಗೆ’ ಬಂದ ಕಡೆಯೆಲ್ಲ ‘ಮೀರ್’ ಹಾಕಿಕೊಂಡು ಹೋಗಬೇಡಿ. ನನಗೆ ಹಸಿವು ಅಂದರೆ ‘ಇಶ್ ಹಾಬೆ ಹುಂಗರ್’. ನನಗೆ ಜ್ವರ ಅಂದರೆ ‘ಇಶ್ ಹಾಬೆ ಫೀಬರ್’. ನನಗೆ ಜರ್ಮನ್ ಬರುತ್ತೆ ಅಂದರೆ ‘ಇಶ್ ಕನ್ ಡೊಯ್ಚ್’. ಇವುಗಳಲ್ಲಿ ‘ನಾನು’ ಕರ್ತೃವಾಗಿಯೇ ಇರುತ್ತಾನೆ.

‘ಪೈನ್‌ಲಿಶ್’ ಹುಟ್ಟಿದ್ದು ‘ಪೈನ್’ ಅನ್ನುವ ಪದದಿಂದ. ಹಿಂಸೆ, ಯಾತನೆ ಅಂತ ಅರ್ಥ. ಚಕ್ರವರ್ತಿ ಐದನೇ ಚಾರ್ಲ್ಸ್ 1532ರಲ್ಲಿ ತಂದ ಅಪರಾಧ ಕಾನೂನಿನ ಹೆಸರಿನಲ್ಲೇ ಈ ಪದ ಇತ್ತು. ಅಲ್ಲಿ ಅದು ಮೈಗೆ, ಪ್ರಾಣಕ್ಕೆ ಕೊಡುವ ಶಿಕ್ಷೆಗೆ ಸಂಬಂಧಿಸಿದ್ದು. ಚಿತ್ರಹಿಂಸೆ ಕೊಟ್ಟು ನಡೆಸುವ ವಿಚಾರಣೆಗೂ ‘ಪೈನ್‌ಲಿಶ್’ ಅನ್ನುತ್ತಿದ್ದರು. ಈಗ ಪ್ಯಾಂಟಿನ ಜಿಪ್ ಹಾಕುವುದು ಮರೆತರೂ ‘ಪೈನ್‌ಲಿಶ್’. ಪದಕ್ಕೆ ಸ್ವಲ್ಪ ಒಳ್ಳೆಯ ದಿನ ಬಂದಿದೆ ಅನ್ನಬಹುದು. ‘ಪೈನ್‌ಲಿಶ್ ಗೆನೌ’ ಅಂತ ಕೇಳಿದರೆ ಮಾತ್ರ ಗಾಬರಿ ಬೇಡ. ‘ಕಡು ಕಟ್ಟುನಿಟ್ಟಾಗಿ, ಕೂದಲೆಳೆಯಷ್ಟೂ ತಪ್ಪಿಲ್ಲದೆ’ ಅಂತ ಅರ್ಥ.

7. ನಾಚಿಕೆಯನ್ನು ಬೇರೆ ಬೇರೆ ಡಬ್ಬಿಗೆ ಹಾಕುವುದು

ಕನ್ನಡದ ‘ನಾಚಿಕೆ’ ದೊಡ್ಡ ಚೀಲ. ಮದುಮಗಳದ್ದೂ ನಾಚಿಕೆ, ಲಂಚ ತಗೊಂಡು ಸಿಕ್ಕಿಬಿದ್ದವನಿಗೆ ಆಗಬೇಕಾದ್ದೂ ನಾಚಿಕೆ. ಜರ್ಮನ್‌ನಲ್ಲಿ ಇವನ್ನು ಬೇರೆ ಮಾಡಲೇಬೇಕು.

ಸ್ವಭಾವದಲ್ಲೇ ಸಂಕೋಚ ಇದ್ದರೆ ‘ಶ್ಯುಶ್ಟರ್ನ್’. ‘ಎರ್ ಇಸ್ಟ್ ಶ್ಯುಶ್ಟರ್ನ್’ ಅಂದರೆ ಅವನು ಸಂಕೋಚದ ಸ್ವಭಾವದವನು.

ಆ ಕ್ಷಣಕ್ಕೆ ಏನು ಮಾಡಬೇಕೋ ತೋಚದೆ ತಡಬಡಿಸಿದರೆ ‘ಫೆರ್‌ಲೇಗನ್’. ‘ಜೀ ಲೆಶೆಲ್ಟೆ ಫೆರ್‌ಲೇಗನ್’ ಅಂದರೆ ಅವಳು ಮುಜುಗರದ ನಗೆ ನಕ್ಕಳು. ಇಲ್ಲೊಂದು ತಮಾಷೆ. ‘ಫೆರ್‌ಲೇಗನ್’ ಅಂತ ಕ್ರಿಯಾಪದವೂ ಇದೆ. ಬೀಗದಕೈ ಎಲ್ಲೋ ಇಟ್ಟು ಮರೆಯುವುದಕ್ಕೂ, ಪುಸ್ತಕ ಪ್ರಕಟಿಸುವುದಕ್ಕೂ ಅದೇ.

ತಪ್ಪು ಮಾಡಿ ಮನಸ್ಸು ಕುಟುಕಿದರೆ ‘ಜಿಶ್ ಶೇಮನ್’. ‘ಇಶ್ ಶೇಮೆ ಮಿಶ್’, ನನಗೆ ನಾಚಿಕೆಯಾಗುತ್ತಿದೆ. ಇಲ್ಲಿ ಎಚ್ಚರ. ಕನ್ನಡದಲ್ಲಿ ‘ನನಗೆ’ ಇದ್ದರೂ ಜರ್ಮನ್‌ನಲ್ಲಿ ‘ಮೀರ್’ ಬರುವುದಿಲ್ಲ, ‘ಮಿಶ್’ ಬರುತ್ತದೆ, ಅಂದರೆ ‘ನನ್ನನ್ನು’. ‘ಶೇಮ್ ಡಿಶ್!’ ಅಂದರೆ ನಮ್ಮ ‘ನಾಚಿಕೆ ಆಗಲ್ವಾ ನಿಂಗೆ!’ ಭಾರದ ಮಾತು ಇದು. ಕಾಫಿ ಚೆಲ್ಲಿದ್ದಕ್ಕೆ ‘ಇಶ್ ಶೇಮೆ ಮಿಶ್’ ಅಂದರೆ ಎದುರಿನವರು ‘ಅಯ್ಯೋ, ಅಂಥದ್ದೇನಾಯ್ತು’ ಅನ್ನುತ್ತಾರೆ. ಅಲ್ಲಿಗೆ ‘ಪೈನ್‌ಲಿಶ್’ ಸಾಕು.

ಇನ್ನೊಬ್ಬರು ಪೇಚಾಡುವುದನ್ನು ನೋಡಿ ನಮಗೇ ಮುಖ ಮುಚ್ಚಿಕೊಳ್ಳುವಂತೆ ಆದರೆ ‘ಫ್ರೆಮ್ಟ್‌ಶೇಮನ್’. ‘ಫ್ರೆಮ್ಟ್’ ಅಂದರೆ ಹೊರಗಿನ, ಪರರ. ಮದುವೆ ಮನೆಯಲ್ಲಿ ಮೈಕ್ ಹಿಡಿದು ಶ್ರುತಿ ತಪ್ಪಿ ಹಾಡುವ ಭಾವನನ್ನು ನೋಡುವಾಗ ಆಗುತ್ತದಲ್ಲ, ಅದು. ಆಸ್ಟ್ರಿಯಾದಲ್ಲಿ 2010ರ ವರ್ಷದ ಪದವಾಗಿ ಆಯ್ಕೆಯಾದದ್ದು ಇದೇ.

ಭೂಮಿ ಬಾಯಿ ಬಿಡಬಾರದಾ ಅನ್ನಿಸಿದರೆ: ‘ಇಶ್ ವೇರೆ ಅಮ್ ಲೀಪ್‌ಸ್ಟನ್ ಇಮ್ ಬೋಡನ್ ಫೆರ್‌ಜುಂಕನ್.’ ನೆಲದೊಳಗೆ ಮುಳುಗಿಹೋಗಿದ್ದರೆ ಚೆನ್ನಾಗಿತ್ತು ಅಂತ. ನಮ್ಮದೇ ಮಾತು ಅಲ್ವಾ? ಇದನ್ನು ಬಿಡಿಸಿ ವ್ಯಾಕರಣ ನೋಡಬೇಡಿ, ಇಡೀ ವಾಕ್ಯವನ್ನು ಹಾಡಿನ ಸಾಲಿನಂತೆ ಬಾಯಿಪಾಠ ಮಾಡಿ.

ಮುಜುಗರ ತರುವ ಮಾತನ್ನು ಗೊತ್ತಿಲ್ಲದೆ ಆಡಿಬಿಟ್ಟರೆ ‘ಇನ್ಸ್ ಫೆಟ್‌ನೆಪ್ಫ್‌ಶನ್ ಟ್ರೇಟನ್’. ಪದಶಃ ಕೊಬ್ಬಿನ ಪುಟ್ಟ ಬಟ್ಟಲಿಗೆ ಕಾಲಿಡುವುದು. ಹಿಂದೆ ರೈತರ ಮನೆಗಳಲ್ಲಿ ಬೂಟಿಗೆ ಹಚ್ಚಲು ಕೊಬ್ಬಿನ ಬಟ್ಟಲು ಇಟ್ಟಿರುತ್ತಿದ್ದರು, ಅದನ್ನು ತುಳಿದು ನೆಲವೆಲ್ಲ ಗಲೀಜು ಮಾಡಿದವನಿಂದ ಈ ಮಾತು ಬಂತು ಅಂತ ಹೇಳುತ್ತಾರೆ.

8. ಎಲ್ಲಿ ಹೇಳಬೇಕು, ಎಲ್ಲಿ ಬೇಡ

ಯಾರಾದರೂ ಹೊಗಳಿದರೆ: ‘ಅಖ್, ಯೆಟ್ಸ್ಟ್ ವೇರ್ಡೆ ಇಶ್ ಆಬರ್ ರೋಟ್!’ ಅಯ್ಯೋ, ಈಗ ನಾಚಿಕೆಯಾಗುತ್ತೆ ನೋಡಿ. ನಮ್ಮ ಕಡೆ ಹೊಗಳಿದಾಗ ‘ಹಾಗೇನಿಲ್ಲ’ ಅಂತ ತಳ್ಳಿಹಾಕುವ ಅಭ್ಯಾಸ. ಅದರ ಬದಲು ಇದನ್ನು ನಗುತ್ತಾ ಹೇಳಿ, ಕೊನೆಗೆ ‘ಡಂಕೆ’ ಸೇರಿಸಿ.

ಇನ್ನೊಬ್ಬರ ಮುಖ ನೋಡಿ ‘ಡು ವಿರ್ಸ್ಟ್ ಯಾ ರೋಟ್!’ ಅನ್ನುವುದು ಗೆಳೆಯರ ನಡುವಿನ ಕೀಟಲೆ. ಬಾಸ್‌ಗೆ, ಪ್ರೊಫೆಸರ್‌ಗೆ, ರೋಗಿಗೆ ಬೇಡವೇ ಬೇಡ. ಗೌರವದ ‘ಜೀ’ ಹಾಕಿದರೂ ಒರಟುತನ ಹೋಗುವುದಿಲ್ಲ.

ನರ್ಸ್‌ಗಳಿಗೆ ಒಂದು ವಾಕ್ಯ ತುಂಬಾ ಕೆಲಸಕ್ಕೆ ಬರುತ್ತದೆ. ಸ್ನಾನ ಮಾಡಿಸುವಾಗ, ಹಾಸಿಗೆಯಲ್ಲೇ ಮಲಮೂತ್ರದ ಪಾತ್ರೆ ಇಡುವಾಗ ವಯಸ್ಸಾದವರು ಮುದುಡಿಹೋಗುತ್ತಾರೆ. ಆಗ ಮೆಲ್ಲಗೆ ಹೇಳಿ: ‘ಡಸ್ ಮುಸ್ ಈನನ್ ನಿಶ್ಟ್ ಪೈನ್‌ಲಿಶ್ ಜೈನ್.’ ಇದಕ್ಕೆ ನೀವು ಸಂಕೋಚ ಪಡಬೇಕಾಗಿಲ್ಲ ಅಂತ. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತ ಕೇಳುತ್ತಾರೆ. ಈ ವಾಕ್ಯಕ್ಕೆ ಬಿ2ವರೆಗೆ ಕಾಯುವುದು ಬೇಡ, ಈಗಲೇ ಕಲಿತಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಸಂಕೋಚದಿಂದಲೇ ಕೇಳುತ್ತಾರೆ. ‘ನನ್ನ ಮೈಬಣ್ಣ ಕಪ್ಪು, ಕೆಂಪಾದದ್ದು ಕಾಣೋದೇ ಇಲ್ಲ. ನಾನು ರೋಟ್ ವೇರ್ಡನ್ ಅನ್ನಬಹುದಾ?’ ಧಾರಾಳವಾಗಿ ಅನ್ನಬಹುದು. ಮುಖದ ರಕ್ತನಾಳಗಳು ಹಿಗ್ಗಿ ರಕ್ತ ಜಾಸ್ತಿ ಹರಿಯುವುದು, ಕಿವಿ ಬಿಸಿಯಾಗುವುದು ಎಲ್ಲರಿಗೂ ಒಂದೇ. ಕಣ್ಣಿಗೆ ಕಾಣುವುದು ಮಾತ್ರ ಹೆಚ್ಚು ಕಡಿಮೆ. ಜರ್ಮನ್ನರೂ ಇದನ್ನು ಎಷ್ಟೋ ಸಲ ಸುಮ್ನೆ ಮಾತಿಗೆ ಹೇಳುತ್ತಾರೆ. ನಾವೇನು ನಾಚಿದಾಗಲೆಲ್ಲ ನಿಜವಾಗಿ ನೀರಾಗುತ್ತೀವಾ?

9. ಅಭ್ಯಾಸ

ಪಟ್ಟಿ ಉರುಹೊಡೆಯುವುದರಿಂದ ಹೆಚ್ಚು ಉಪಯೋಗವಿಲ್ಲ. ದಿನಾ ರಾತ್ರಿ ಆ ದಿನದ ಒಂದು ಪೇಚಿನ ಪ್ರಸಂಗವನ್ನು ಮೊದಲು ಕನ್ನಡದಲ್ಲಿ ಒಂದೇ ಸಾಲು ಬರೆಯಿರಿ. ಅದು ಯಾವ ಡಬ್ಬಿಗೆ ಸೇರುತ್ತದೆ ನೋಡಿ. ಆಮೇಲೆ ಜರ್ಮನ್. ನಡುವೆ ಇಂಗ್ಲಿಷ್‌ಗೆ ಕೂರಲು ಜಾಗ ಕೊಡಬೇಡಿ. ಮಾದರಿಗೆ ಐದು ಇಲ್ಲಿವೆ. ಉತ್ತರವನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

ಮೀಟಿಂಗ್‌ನಲ್ಲಿ ಅವರ ಹೆಸರೇ ಮರೆತುಹೋಯಿತು, ಮುಜುಗರವಾಯಿತು.
ಡಸ್ ವಾರ್ ಮೀರ್ ಪೈನ್‌ಲಿಶ್.

ಅವಳು ಕೆಂಪಾದಳು.
ಜೀ ಇಸ್ಟ್ ರೋಟ್ ಗೆವೊರ್ಡನ್.

ಅಮ್ಮನಿಗೆ ಸುಳ್ಳು ಹೇಳಿದೆ, ನಾಚಿಕೆಯಾಗುತ್ತಿದೆ.
ಇಶ್ ಶೇಮೆ ಮಿಶ್.

ತುಂಬಾ ಜನರ ಮುಂದೆ ಮಾತಾಡುವಾಗ ನಾನು ಯಾವಾಗಲೂ ಕೆಂಪಾಗುತ್ತೇನೆ.
ಇಶ್ ವೇರ್ಡೆ ಇಮರ್ ರೋಟ್, ವೆನ್ ಇಶ್ ಫೋರ್ ಫೀಲನ್ ಲೊಯ್ಟನ್ ಶ್ಪ್ರೆಶೆ.

ನಾಲ್ಕನೆಯದರಲ್ಲಿ ‘ಶ್ಪ್ರೆಶೆ’ ಅನ್ನುವ ಕ್ರಿಯಾಪದ ಕೊನೆಗೆ ಹೋಗಿ ಕೂತಿದೆ. ‘ವೆನ್’ ಬಂದರೆ ಹೀಗೇ. ನಮಗೆ ಕ್ರಿಯಾಪದ ಕೊನೆಯಲ್ಲೇ ಇರುವುದು ರೂಢಿ, ಕಷ್ಟವಾಗಬಾರದು. ಇನ್ನು, ಇಲ್ಲಿಯ ‘ಫೋರ್’ ಕಾರಣದ್ದಲ್ಲ, ‘ಮುಂದೆ’ ಅನ್ನುವ ಅರ್ಥದ್ದು.

ಐದನೆಯದು ಸ್ವಲ್ಪ ಮೇಲಿನ ಹಂತದ್ದು. ಟಿವಿಯಲ್ಲಿ ರಾಜಕೀಯ ಚರ್ಚೆ ನೋಡುವಾಗ ಉಪಯೋಗಕ್ಕೆ ಬರುತ್ತದೆ ಅಂತ ಕೊಡುತ್ತಿದ್ದೇನೆ. ‘ಓನೆ’ ಅಂದರೆ ಇಲ್ಲದೆ.

ಅವನು ಎಗ್ಗಿಲ್ಲದೆ ಸುಳ್ಳು ಹೇಳುತ್ತಾನೆ.
ಎರ್ ಲ್ಯೂಕ್ಟ್, ಓನೆ ರೋಟ್ ತ್ಸು ವೇರ್ಡನ್.